ವಿಶ್ರಾಂತಿಯ ಕಾಲಕ್ಕೊಂದು ಕಾರು

ಅರವತ್ತು ತುಂಬಿದ ದಿನ ಸರಕಾರಿ ನೌಕರನ ಕೊರಳಿಗೆ ಹಾರ ಬೀಳುತ್ತದೆ. ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ, ಕಿವಿಗೆ ಹತ್ತಾರು ಹೊಗಳಿಕೆಯ ಮಾತು. ಮರುದಿನ ಬೆಳಗಾಗುವುದರೊಳಗೆ ಹಾರ ಬಾಡಿರುತ್ತದೆ, ಹಣ್ಣು ನೆರೆಮನೆಗಳಿಗೆ ಹಂಚಿಹೋಗಿರುತ್ತದೆ. ಉಳಿಯುವುದು ಎರಡೇ: ಕೈತುಂಬ ಬಿಡುವು, ಮತ್ತು ಹುಟ್ಟಿದ ಮೇಲೆ ಎಂದೂ ಒಟ್ಟಿಗೆ ಕಾಣದಷ್ಟು ಹಣ. ಆ ಹಣಕ್ಕೆ ಅರ್ಜಿದಾರರು ಬಹಳ. ಮನೆಯ ಮೇಲಣ ಸಾಲ ಒಂದು ಕಡೆ, ಮಗಳ ಬಾಣಂತನ ಒಂದು ಕಡೆ, ಸೋರುವ ತಾರಸಿ ಒಂದು ಕಡೆ. ಇವುಗಳ ನಡುವೆ ಸಂಕೋಚದಿಂದ ತಲೆಯೆತ್ತುವ ಇನ್ನೊಂದು ಆಸೆ ಉಂಟು: ಇನ್ನಾದರೂ ಒಂದು ಒಳ್ಳೆಯ ಕಾರು.

ನಮ್ಮ ನಗರಗಳ ಮಧ್ಯಮವರ್ಗದ ಮನೆಗಳಲ್ಲಿ ಈ ಆಸೆ ಈಗ ಎಷ್ಟು ಸಾಮಾನ್ಯವೆಂದರೆ, ಮೈಸೂರಿನ ಕುವೆಂಪುನಗರದ ಒಬ್ಬ ಮುಖ್ಯೋಪಾಧ್ಯಾಯರ ಕಥೆಯನ್ನು ಹೇಳಿದರೆ ನೂರಾರು ಮನೆಗಳ ಕಥೆಯನ್ನು ಹೇಳಿದಂತೆಯೇ ಸರಿ. ಮೇಷ್ಟರ ಬಳಿ ಇದ್ದುದು ಹದಿನೆಂಟು ವರ್ಷ ದುಡಿದ ಪುಟ್ಟ ಕಾರು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ತರುವಾಯ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅದನ್ನು ಒಮ್ಮೆ ಮಾಡಿಸಿಯೂ ಆಗಿತ್ತು. ಕಾರಿಗೆ ಕಾಯಿಲೆಯೇನೂ ಇರಲಿಲ್ಲ. ಕಾಯಿಲೆ ಇದ್ದುದು ಮೇಷ್ಟರ ಪತ್ನಿಯ ಮೊಣಕಾಲಿಗೆ. ಪ್ರತಿ ಸಲ ಕಾರಿನಿಂದ ಇಳಿಯುವಾಗಲೂ ಆಕೆ ಬಾಗಿಲನ್ನು ಒಂದು ಕೈಯಲ್ಲೂ ಪತಿಯ ತೋಳನ್ನು ಇನ್ನೊಂದು ಕೈಯಲ್ಲೂ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿ ಏಳುತ್ತಿದ್ದರು.

“ಇದು ಕಾರಿಗೆ ಹತ್ತೋದಲ್ಲ, ಬಾವಿಗೆ ಇಳಿಯೋದು,” ಎಂದು ಆಕೆ ಒಮ್ಮೆ ನಕ್ಕು ಹೇಳಿದ್ದುಂಟು. ಆ ನಗೆಯೇ ಮೇಷ್ಟರನ್ನು ಕಾರಿನ ಅಂಗಡಿಗೆ ಕರೆತಂದಿತು.

ಕಾರೂ ಅಲ್ಲ, ಜೀಪೂ ಅಲ್ಲ

ಅಂಗಡಿಯ ತರುಣ ಮೊದಲು ತೋರಿಸಿದ್ದು ‘ಕ್ರಾಸ್‌ಓವರ್’ ಎಂಬ ಜಾತಿಯ ವಾಹನವನ್ನು. ಹೆಸರು ಹೊಸದಾದರೂ ಅದರ ಹಿಂದಿನ ವಿಚಾರ ಸರಳ. ಹಳೆಯ ಜೀಪಿಗೆ ಕೆಳಗೊಂದು ಉಕ್ಕಿನ ಏಣಿಯಂಥ ಚೌಕಟ್ಟು. ಅದರ ಮೇಲೆ ಒಡಲನ್ನು ಕೂರಿಸಿ ಬಿಗಿದಿರುತ್ತಾರೆ. ಕಾರಿಗೆ ಅಂಥ ಬೇರೆ ಚೌಕಟ್ಟಿಲ್ಲ. ಒಡಲೇ ಅದರ ಎಲುಬು. ಮೊದಲನೆಯದು ಎತ್ತರ, ಗಟ್ಟಿ, ಆದರೆ ಒರಟು. ಎರಡನೆಯದು ಮೃದು, ಹಗುರ, ಆದರೆ ತಗ್ಗು. ಕಾರಿನ ಒಡಲನ್ನೇ ಎತ್ತರಿಸಿ ಜೀಪಿನ ನಿಲುವನ್ನು ಕೊಟ್ಟರೆ ಹುಟ್ಟುವುದು ಕ್ರಾಸ್‌ಓವರ್. 1994ರಲ್ಲಿ ಜಪಾನಿನ ಟೊಯೋಟಾ ಸಂಸ್ಥೆ ಮಾರುಕಟ್ಟೆಗೆ ತಂದ ‘ರ‍್ಯಾವ್4’ ಈ ಸಂತಾನದ ಹಿರಿಯರಲ್ಲಿ ಒಂದು.

ನಮ್ಮ ದೇಶದಲ್ಲಿ ಈ ಜಾತಿ ಗಿಡ್ಡವಾದದ್ದಕ್ಕೆ ಕಾರಣ ರಸ್ತೆಯಲ್ಲ, ತೆರಿಗೆ. 2006ರ ಕೇಂದ್ರ ಮುಂಗಡಪತ್ರದಲ್ಲಿ, ನಾಲ್ಕು ಮೀಟರಿಗೆ ಮೀರದ ಉದ್ದವೂ ಸಣ್ಣ ಎಂಜಿನ್ನೂ ಇರುವ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ಅಂದಿನಿಂದ ಈ ನಾಲ್ಕು ಮೀಟರಿನ ಗೆರೆ ನಮ್ಮ ವಾಹನಶಿಲ್ಪಿಗಳ ಪಾಲಿಗೆ ಲಕ್ಷ್ಮಣರೇಖೆಯೇ ಆಗಿದೆ. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಮಾರುತಿಯ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹುಂಡೈ ವೆನ್ಯೂ ಆ ಗೆರೆಯೊಳಗೇ ಬಂದವು. 2021ರಲ್ಲಿ ಬಂದ ಟಾಟಾ ಪಂಚ್ ಇನ್ನೂ ಗಿಡ್ಡ: ಆಗ ಅದರ ಉದ್ದ 3,827 ಮಿಲಿಮೀಟರ್. 2023ರಲ್ಲಿ ಬಂದ ಹುಂಡೈ ಎಕ್ಸ್‌ಟರ್‌ನದು 3,815. ಉದ್ದದಲ್ಲಿ ಇವು ಸಾಧಾರಣ ಸಣ್ಣ ಕಾರುಗಳೇ. ನೆಲದಿಂದ ಒಡಲಿಗಿರುವ ಅಂತರ ಮಾತ್ರ ಸುಮಾರು 185 ಮಿಲಿಮೀಟರ್. ಪಂಚ್ ಕಾರಂತೂ 2024ರಲ್ಲಿ ದೇಶದಲ್ಲೇ ಅತಿ ಹೆಚ್ಚು ಮಾರಾಟವಾದ ಕಾರೆನಿಸಿ, ದಶಕಗಳಿಂದ ಮಾರುತಿಯ ಕೈಯಲ್ಲಿದ್ದ ಮೊದಲ ಸ್ಥಾನವನ್ನು ಕಸಿದುಕೊಂಡಿತು.

ಇವುಗಳ ಜಾಹೀರಾತುಗಳಲ್ಲಿ ಕಾಣುವವರು ಕಪ್ಪು ಕನ್ನಡಕದ ತರುಣರು. ಕಾರು ನಿಂತಿರುವುದು ಹಿಮಾಲಯದ ತಪ್ಪಲಿನಲ್ಲಿ. ಆದರೆ ಸಂಜೆಯ ಹೊತ್ತು ದೇವಸ್ಥಾನಗಳ ಮುಂದೆ, ಔಷಧದಂಗಡಿಗಳ ಮುಂದೆ, ಬ್ಯಾಂಕುಗಳ ಮುಂದೆ ನಿಂತು ನೋಡಿದರೆ, ಇವುಗಳಿಂದ ಇಳಿಯುವವರಲ್ಲಿ ನರೆಗೂದಲಿನವರು ಕಡಮೆಯೇನೂ ಅಲ್ಲ. ಸಾಹಸಕ್ಕಾಗಿ ಎತ್ತರಿಸಿದ ಆಸನ ಸಂಧಿವಾತಕ್ಕೆ ಒದಗಿಬಂದಿತು.

ಮೊಣಕಾಲಿನ ಗಣಿತ

ಇದಕ್ಕೆ ಕಾರಣವನ್ನು ತಿಳಿಯಲು ಎಂಜಿನಿಯರಾಗಬೇಕಿಲ್ಲ. ಮಣೆಯ ಮೇಲೂ ಕುರ್ಚಿಯ ಮೇಲೂ ಕುಳಿತು ಎದ್ದರೆ ಸಾಕು. ಕೂರುವ ಮಟ್ಟ ತಗ್ಗಾದಷ್ಟೂ ಮೊಣಕಾಲು ಹೆಚ್ಚು ಮಡಿಯುತ್ತದೆ, ಏಳುವಾಗ ಮೈಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಹಾಗೆಂದು ಎತ್ತರ ಮಿತಿಮೀರಿದರೂ ಕಷ್ಟವೇ. ದೊಡ್ಡ ಜೀಪುಗಳಿಗೆ ಹತ್ತಬೇಕಾದರೆ ಒಂಟಿ ಕಾಲಿನ ಮೇಲೆ ದೇಹವನ್ನು ಎತ್ತಬೇಕು, ಸೀರೆಯುಟ್ಟವರ ಪಾಡು ಹೇಳತೀರದು. ಇಳಿಯಲೂ ಬೇಡ, ಏರಲೂ ಬೇಡ. ಅಡ್ಡಕ್ಕೆ ಜಾರಿ ಕೂರುವಂತಿರಬೇಕು. ಸಣ್ಣ ಕ್ರಾಸ್‌ಓವರುಗಳ ಆಸನ ಬಹುಮಟ್ಟಿಗೆ ಈ ನಡುವಣ ಎತ್ತರದಲ್ಲಿ ಬರುತ್ತದೆ.

ಮುಪ್ಪಿನ ಮೈಗೂ ಕಾರಿಗೂ ಇರುವ ಈ ನಂಟನ್ನು ತಯಾರಕರು ಅರಿಯದವರೇನೂ ಅಲ್ಲ. 1990ರ ದಶಕದಲ್ಲಿ ಫೋರ್ಡ್ ಸಂಸ್ಥೆ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾನಿಲಯದ ನೆರವಿನಿಂದ ಒಂದು ವಿಚಿತ್ರ ಉಡುಪನ್ನು ಮಾಡಿಸಿತು. ಅದನ್ನು ತೊಟ್ಟರೆ ಮೊಣಕಾಲು, ಮೊಣಕೈ, ಬೆನ್ನು, ಕುತ್ತಿಗೆಗಳು ಬಿಗಿದುಕೊಳ್ಳುತ್ತಿದ್ದವು. ಕನ್ನಡಕ ನೋಟವನ್ನು ಮಸುಕಾಗಿಸುತ್ತಿತ್ತು. ಕೈಗವಸು ಸ್ಪರ್ಶವನ್ನು ಮಂದವಾಗಿಸುತ್ತಿತ್ತು. ಇಪ್ಪತ್ತೈದು ಮೂವತ್ತು ವಯಸ್ಸಿನ ಎಂಜಿನಿಯರುಗಳು ಅದನ್ನು ಧರಿಸಿ ಕಾರನ್ನು ಹತ್ತಿ ಇಳಿದು ಅಜ್ಜನ ಕಷ್ಟವೇನೆಂಬುದನ್ನು ಕಲಿತರು. 1998ರಲ್ಲಿ ಹೊರಬಂದ ಫೋರ್ಡ್ ಫೋಕಸ್ ಕಾರಿನ ವಿನ್ಯಾಸಕ್ಕೆ ಈ ಪಾಠ ಉಪಯೋಗಕ್ಕೆ ಬಂದಿತು.

ಮೇಷ್ಟರ ಪತ್ನಿಗೆ ಅಂಥ ಉಡುಪು ಬೇಕಾಗಿರಲಿಲ್ಲ. ತರುಣ ಮಾವಿನಕಾಯಿಯಷ್ಟಗಲದ ಗುಂಡಿಗಳನ್ನೂ, ಅಂಗೈ ತಾಗಿದರೆ ಬದಲಾಗುವ ಪರದೆಯನ್ನೂ, ಚಾವಣಿಯ ಗಾಜಿನ ಕಿಟಕಿಯನ್ನೂ ತೋರಿಸುತ್ತಿದ್ದಾಗ, ಆಕೆ ಸದ್ದಿಲ್ಲದೆ ಮುಂದಿನ ಆಸನದಲ್ಲಿ ಮೂರು ಸಲ ಕುಳಿತು, ಮೂರು ಸಲ ಎದ್ದರು. ಹಿಂದಿನ ಆಸನದಲ್ಲೂ ಹಾಗೆಯೇ. ಬಾಗಿಲು ಪೂರ್ತಿ ತೆರೆಯುವುದೇ, ಹೊಸ್ತಿಲು ಕಾಲಿಗೆ ತಡೆಯುವುದೇ, ಏಳುವಾಗ ಹಿಡಿಯಲು ಹಿಡಿಯಿದೆಯೇ, ನಡುಪಟ್ಟಿಯ ಕೊಂಡಿ ಕೈಗೆ ಸಿಗುವುದೇ—ಎಲ್ಲವನ್ನೂ ನೋಡಿದರು. ಆಮೇಲೆ ಹಿಂಬದಿಯ ಡಿಕ್ಕಿ ತೆರೆಸಿ, ತಾವು ತಂದಿದ್ದ ತರಕಾರಿಯ ಚೀಲವನ್ನು ಅದರೊಳಗಿಟ್ಟು ಎತ್ತಿದರು. ಡಿಕ್ಕಿಯ ಅಂಚು ಎತ್ತರವಾಗಿದ್ದರೆ ಅಕ್ಕಿ ಮೂಟೆಯನ್ನು ಎದೆಮಟ್ಟಕ್ಕೆ ಎತ್ತಬೇಕಾಗುತ್ತದೆ; ಅರವತ್ತರ ಬೆನ್ನಿಗೆ ಅದು ಚಿಕ್ಕ ಮಾತಲ್ಲ.

“ಏನೇ, ಹೇಗಿದೆ?” ಎಂದರು ಮೇಷ್ಟರು.

“ಕೈ ಹಿಡೀಬೇಕಾಗಿಲ್ಲ ನೀವು,” ಎಂದರು ಆಕೆ. ಮೇಷ್ಟರ ಮನಸ್ಸಿನಲ್ಲಿ ಕಾರು ಅರ್ಧ ಕೊಂಡಂತಾಯಿತು.

ಬೆಟ್ಟದ ದಾರಿಯಲ್ಲಿ

ಅಂಗಡಿಯವರು ತೋರಿಸುವ ದಾರಿ ಯಾವಾಗಲೂ ನುಣುಪಾದುದು. ತರುಣ ಹೊರವರ್ತುಲ ರಸ್ತೆಯಲ್ಲಿ ಎರಡು ಮೈಲಿ ಹೋಗಿಬರೋಣವೆಂದ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆಪತ್ರಿಕೆ ತೆಗೆದ ಮೇಷ್ಟರಿಗೆ, ಉತ್ತರ ಬರುವ ಪ್ರಶ್ನೆಗಳನ್ನಷ್ಟೇ ಕೇಳುವುದು ಪರೀಕ್ಷೆಯಲ್ಲವೆಂಬುದು ಗೊತ್ತಿತ್ತು. “ಬೆಟ್ಟಕ್ಕೆ ಹೋಗೋಣಪ್ಪ,” ಎಂದರು.

ಹೊರಡುವ ಮುನ್ನ ಆಸನವನ್ನು ಸರಿಪಡಿಸಿಕೊಳ್ಳುವುದಕ್ಕೇ ಅವರು ಐದು ನಿಮಿಷ ತೆಗೆದುಕೊಂಡರು. ಎದೆಗೂ ಸ್ಟೀರಿಂಗ್ ಚಕ್ರದ ನಡುವಿಗೂ ಸುಮಾರು 25 ಸೆಂಟಿಮೀಟರ್ ಅಂತರವಿರಬೇಕೆಂಬುದು ತಜ್ಞರ ಸಲಹೆ. ಗಾಳಿಚೀಲ ಸಿಡಿದು ಉಬ್ಬುವಾಗ ಎದೆಗೆ ಏಟು ಬೀಳಬಾರದಷ್ಟೆ. ವಯಸ್ಸಾದವರ ಎದೆಗೂಡಿನ ಎಲುಬು ಬೇಗ ಮುರಿಯುವುದರಿಂದ ಈ ಎಚ್ಚರ ಅವರಿಗೆ ಇನ್ನೂ ಅಗತ್ಯ. ಕುತ್ತಿಗೆ ಮೊದಲಿನಂತೆ ಹಿಂದಕ್ಕೆ ಹೊರಳದ ಕಾರಣ ಕನ್ನಡಿಗಳು ದೊಡ್ಡವಾಗಿರಬೇಕು. ಮುಂಗಾಜಿನ ಎರಡು ಬದಿಯ ಕಂಬಗಳು ತೆಳ್ಳಗಿರಬೇಕು. ದಪ್ಪ ಕಂಬದ ಮರೆಯಲ್ಲಿ ರಸ್ತೆ ದಾಟುವ ಮನುಷ್ಯನೊಬ್ಬ ಪೂರ್ತಿ ಅಡಗಬಲ್ಲ. ಹಿಂದಕ್ಕೆ ಚಲಿಸುವಾಗ ಎಚ್ಚರಿಸುವ ಸಂವೇದಕಗಳು ಮಾತ್ರ 2019ರ ಜುಲೈಯಿಂದ ನಮ್ಮ ದೇಶದ ಕಾರುಗಳಿಗೆ ಕಡ್ಡಾಯವಾಗಿವೆ. ಅದು ಹಿರಿಯರಿಗೆ ಕಾನೂನು ಮಾಡಿದ ಉಪಕಾರ.

ಲಲಿತಮಹಲಿನ ಕಡೆಯಿಂದ ಚಾಮುಂಡಿಬೆಟ್ಟದ ರಸ್ತೆ ಹಿಡಿದರು. ಕಾರಿಗೆ ಕ್ಲಚ್ ಇರಲಿಲ್ಲ. ಎಡಗಾಲಿಗೆ ಪೂರ್ಣ ವಿಶ್ರಾಂತಿ ಕೊಡುವ ಈ ವ್ಯವಸ್ಥೆಯಲ್ಲೂ ಜಾತಿಗಳುಂಟು. ಅಗ್ಗದ್ದು ‘ಎ.ಎಂ.ಟಿ.’, ಇದರಲ್ಲಿ ಗೇರುಪೆಟ್ಟಿಗೆ ಹಳೆಯದೇ, ಕ್ಲಚ್ಚನ್ನು ಒತ್ತಿ ಗೇರು ಬದಲಿಸುವ ಕೆಲಸವನ್ನು ಮಾತ್ರ ಯಂತ್ರವೊಂದು ಮಾಡುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಇದು ನಮ್ಮಲ್ಲಿಗೆ ಬಂದಿತು; ಪಂಚ್, ಎಕ್ಸ್‌ಟರ್‌ಗಳಲ್ಲಿರುವುದೂ ಇದೇ. ಗೇರು ಬದಲಾಗುವಾಗ ಕಾರು ಅರೆಕ್ಷಣ ಉಸಿರು ಹಿಡಿದಂತಾಗಿ, ಕುಳಿತವರ ತಲೆ ತುಸು ತೂಗುತ್ತದೆ. ದುಬಾರಿಯ ಜಾತಿಗಳಲ್ಲಿ, ಎಂದರೆ ಮಾರುತಿ ಫ್ರಾಂಕ್ಸ್ ಟರ್ಬೊದಲ್ಲಿರುವ ಟಾರ್ಕ್ ಕನ್ವರ್ಟರ್, ನಿಸಾನ್ ಮ್ಯಾಗ್ನೈಟ್ ಟರ್ಬೊದಲ್ಲಿರುವ ಸಿ.ವಿ.ಟಿ. ಮೊದಲಾದವುಗಳಲ್ಲಿ, ಈ ತೂಗಾಟ ಬಹಳ ಕಡಮೆ.

ಏರಿನ ತಿರುವೊಂದರಲ್ಲಿ ಮೇಷ್ಟರು ಬೇಕೆಂದೇ ಕಾರನ್ನು ನಿಲ್ಲಿಸಿ, ಬ್ರೇಕಿನಿಂದ ಕಾಲು ತೆಗೆದರು. ಕಾರು ಹಿಂದಕ್ಕೆ ಉರುಳಲಿಲ್ಲ. ಏರಿನಲ್ಲಿ ಕೆಲ ಕ್ಷಣ ಹಿಡಿದು ನಿಲ್ಲಿಸುವ ಸೌಕರ್ಯ ಅದರಲ್ಲಿತ್ತು. ಹಿಂದೆ ಕುಳಿತಿದ್ದ ಪತ್ನಿ ಉಬ್ಬುಗಳ ಮೇಲೆ ಹಾಯುವಾಗ ಬೆನ್ನಿಗೆಷ್ಟು ಕುಲುಕಾಟವೆಂಬುದನ್ನು ಗಮನಿಸಿ ಹೇಳುತ್ತಿದ್ದರು. ಬೆಟ್ಟದಿಂದ ಇಳಿದುಬರುವಷ್ಟರಲ್ಲಿ ಮೇಷ್ಟರ ಮುಖದಲ್ಲಿ ಹತ್ತು ವರ್ಷ ಕಡಮೆಯಾಗಿತ್ತು. ಆ ದಿನವೇ ಮುಂಗಡ ಕೊಡುವವರಿದ್ದರು.

“ಇನ್ನೊಂದು ಸಲ, ಸಂಜೆ ಹೊತ್ತು ಓಡಿಸಿ ನೋಡೋಣ,” ಎಂದರು ಪತ್ನಿ. “ನಾವು ಹೋಗೋದೆಲ್ಲ ಹಗಲಲ್ಲೇ ಅಲ್ಲವಲ್ಲ.”

ಕಣ್ಣು ಕೋರೈಸಿದ ಬೆಳಕು

ಎರಡು ದಿನಗಳ ಮೇಲೆ, ಸೂರ್ಯ ಮುಳುಗಿದ ಬಳಿಕ, ಮೂವರೂ ನಂಜನಗೂಡಿನ ರಸ್ತೆಯಲ್ಲಿ ಹೋಗಿ ಮರಳುತ್ತಿದ್ದರು. ಎದುರಿನಿಂದ ಬಂದ ಲಾರಿಯೊಂದರ ದೀಪ ಮುಂಗಾಜಿನ ತುಂಬ ಹರಡಿತು. ದೀಪದ ಸುತ್ತ ಬಿಳಿಯ ಬಳೆ ಕಟ್ಟಿದಂತೆ. ಅದು ಹಾದುಹೋದ ಮೇಲೂ ರಸ್ತೆ ಕೆಲವು ಕ್ಷಣ ಕಪ್ಪು ಬಟ್ಟೆಯಂತೆ. “ಸಾರ್, ಸೈಕಲ್!” ಎಂದು ತರುಣ ಕೂಗಿದಾಗ ಮೇಷ್ಟರ ಕಾಲು ಬ್ರೇಕನ್ನು ತುಳಿಯಿತು. ಹಾಲಿನ ಕ್ಯಾನು ಕಟ್ಟಿಕೊಂಡು ಅಂಚಿನಲ್ಲಿ ಹೋಗುತ್ತಿದ್ದ ಸೈಕಲ್ ಸವಾರ ಹಿಂತಿರುಗಿಯೂ ನೋಡದೆ ತನ್ನ ಪಾಡಿಗೆ ತಾನು ತುಳಿದುಕೊಂಡು ಹೋದ. ಏನೂ ಆಗಲಿಲ್ಲ. ಆದರೆ ಅಂಗಡಿ ಸೇರುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಪರೀಕ್ಷೆಯಾದದ್ದು ಕಾರಿಗಲ್ಲ, ಮೇಷ್ಟರಿಗೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೆಯ ಒಂದು ಭಾಗದಷ್ಟು ಬೆಳಕು ಮಾತ್ರ ತಲಪುತ್ತದೆ: ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಪೊರೆ ಬೆಳೆಯತೊಡಗಿದರೆ ಎದುರು ದೀಪ ಚದರಿ ಬಳೆಯಂತೆ ಕಾಣುತ್ತದೆ. ಇದು ಮೆಲ್ಲನೆ ಬರುವ ಕಾರಣ ಬಂದುದೇ ತಿಳಿಯುವುದಿಲ್ಲ.

ಕಾನೂನಿಗೂ ಇದು ಸುಲಭವಾಗಿ ತಿಳಿಯುವುದಿಲ್ಲವೆಂಬುದು ಸೋಜಿಗ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಐವತ್ತರಿಂದ ಐವತ್ತೈದರೊಳಗೆ ಪಡೆದ ಚಾಲನಾ ಪರವಾನಗಿ ಅರವತ್ತು ತುಂಬುವವರೆಗೆ. ಐವತ್ತೈದು ದಾಟಿದವರಿಗೆ ಐದೈದು ವರ್ಷ ಮಾತ್ರ. ಐವತ್ತನಾಲ್ಕರಲ್ಲಿ ನವೀಕರಿಸಿದ್ದ ಮೇಷ್ಟರ ಪರವಾನಗಿಯೂ ಅವರ ನೌಕರಿಯೂ ಒಟ್ಟಿಗೇ ಮುಗಿದಿದ್ದವು. ಹಿಂದಿನ ತಿಂಗಳಷ್ಟೇ ಅವರು ಅದನ್ನು ನವೀಕರಿಸಿಕೊಂಡಿದ್ದರು. ನಲವತ್ತು ದಾಟಿದವರು ಸಲ್ಲಿಸಬೇಕಾದ ವೈದ್ಯರ ಪ್ರಮಾಣಪತ್ರದಲ್ಲಿ ಒಂದು ಪ್ರಶ್ನೆಯುಂಟು: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರು ಫಲಕವನ್ನು ಈತ ಗುರುತಿಸಬಲ್ಲನೇ? ಮೇಷ್ಟರು ಗುರುತಿಸಿದ್ದರು, ತಪ್ಪಿಲ್ಲದೆ. ಹಗಲಿನ ಪ್ರಶ್ನೆಗೆ ಹಗಲಿನ ಉತ್ತರ. ಎದುರು ದೀಪದ ಬಳೆಯ ವಿಷಯ ಅಲ್ಲಿ ಬರಲೇ ಇಲ್ಲ.

ಆ ರಾತ್ರಿ ಅವರು ಊಟದ ಎಲೆಯ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. “ನನಗೆ ಗೊತ್ತಿತ್ತು,” ಎಂದರು ಪತ್ನಿ, ಮಜ್ಜಿಗೆ ಬಡಿಸುತ್ತ. “ಹೋದ ವರ್ಷ ಮಗಳ ಮನೆಯಿಂದ ಬರುವಾಗಲೇ ನೋಡಿದೆ. ಹೇಗೆ ಹೇಳೋದು ಅಂತ ತಿಳೀಲಿಲ್ಲ.”

ಎರಡು ಕಾಲಮಿನ ಲೆಕ್ಕ

ಮರುದಿನ ಮೇಷ್ಟರು ಎರಡು ಕೆಲಸ ಮಾಡಿದರು. ಕಣ್ಣಿನ ವೈದ್ಯರ ಬಳಿ ಹೋದರು. ಎರಡೂ ಕಣ್ಣಿನಲ್ಲಿ ಪೊರೆ ಆರಂಭವಾಗಿದೆಯೆಂದೂ, ಶಸ್ತ್ರಕ್ರಿಯೆಯಾಗಿ ಗುಣವಾಗುವ ತನಕ ರಾತ್ರಿ ಕಾರು ನಡೆಸಕೂಡದೆಂದೂ ಅವರು ತಿಳಿಸಿದರು. ಮನೆಗೆ ಬಂದು ಹಳೆಯ ಹಾಜರಿ ಪುಸ್ತಕವೊಂದನ್ನು ತೆರೆದು ನಡುವೆ ಗೆರೆ ಎಳೆದರು.

ಎಡಗಡೆ ಕಾರಿನ ಖರ್ಚು. ಅಂಗಡಿಯ ಬೆಲೆ ಎಂಟು ಲಕ್ಷವೆಂದು ಹಿಡಿದರೆ, ಐದರಿಂದ ಹತ್ತು ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಶೇಕಡಾ 14ರ ಜೀವಾವಧಿ ತೆರಿಗೆ, ಎಂದರೆ 1,12,000 ರೂಪಾಯಿ. ಅದರ ಮೇಲೆ ಉಪಕರ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಪರವಿಮೆ ಒಟ್ಟಿಗೇ ಕಡ್ಡಾಯ. ಎಲ್ಲ ಕೂಡಿ ಒಂಬತ್ತು ಲಕ್ಷ ಅರವತ್ತು ಸಾವಿರದ ಆಸುಪಾಸಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಣ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದು, ಉಪಕರವೂ ಹೋದುದರಿಂದ ಇಷ್ಟಾದರೂ ಹಗುರವಾಗಿತ್ತು.

ಬಲಗಡೆ, ಅದೇ ಹಣವನ್ನು ಠೇವಣಿಯಿಟ್ಟರೆ ಬರುವ ಬಡ್ಡಿ. ಶೇಕಡಾ 8ರಂತೆ ಹಿಡಿದರೆ ವರ್ಷಕ್ಕೆ 76,800, ತಿಂಗಳಿಗೆ 6,400. ಎಂದರೆ ಕಾರು ಕೊಳ್ಳದೆ ಹೋದರೆ, ಮೂಲಧನವನ್ನು ಮುಟ್ಟದೆ ದಿನವೂ ಇನ್ನೂರು ರೂಪಾಯಿಯನ್ನು ಆಟೋಗೆ ಕೊಡಬಹುದು! ಪೆಟ್ರೋಲು, ರಿಪೇರಿ, ವಿಮೆಯ ನವೀಕರಣ ಇದಕ್ಕೆ ಹೊರತು. ಲೆಕ್ಕದ ದೃಷ್ಟಿಯಿಂದ ಬಲಗಡೆಯೇ ಗೆದ್ದಿತು.

ನಿವೃತ್ತರಾಗುವ ಪ್ರತಿಯೊಬ್ಬರೂ ಈ ಗೆರೆಯನ್ನೊಮ್ಮೆ ಎಳೆದು ನೋಡುವುದು ಒಳಿತು. ಕಾರು ಕೊಳ್ಳಬಾರದೆಂದಲ್ಲ, ಕೊಳ್ಳುವುದು ಏನನ್ನು ಎಂಬುದು ಸ್ಪಷ್ಟವಾಗಲೆಂದು. ಮಳೆಯ ರಾತ್ರಿ ಆಸ್ಪತ್ರೆಗೆ ಹೊರಡಬೇಕಾದಾಗ ಯಾರಿಗೂ ಕಾಯದಿರುವುದು, ನಂಜನಗೂಡಿನ ದೇವರನ್ನು ನೆನೆದ ದಿನವೇ ನೋಡಿಬರುವುದು, ಮೊಣಕಾಲು ನೊಂದವರು ಆಟೋದ ಕುಲುಕಾಟಕ್ಕೆ ಅಂಜಿ ಮನೆಯಲ್ಲೇ ಉಳಿಯದಿರುವುದು: ಕೊಳ್ಳುವುದು ಇವನ್ನು. ಇವಕ್ಕೆ ತಿಂಗಳಿಗೆ 6,400 ಹೆಚ್ಚೋ ಕಡಮೆಯೋ ಎಂಬುದು ಆಯಾ ಮನೆಯ ತೀರ್ಮಾನ.

ಕೀಲಿಕೈ ಯಾರ ಕೈಗೆ?

ಆದರೆ ಮಳೆಯ ರಾತ್ರಿ ಕಾರನ್ನು ನಡೆಸುವವರು ಯಾರು? ಮೇಷ್ಟರ ಲೆಕ್ಕ ಬಂದು ನಿಂತದ್ದು ಇಲ್ಲಿ. ಆಸ್ಪತ್ರೆಗೆ ಹೋಗಬೇಕಾದವರು ಅವರೇ ಆದರೆ?

ಪತ್ನಿ ಒಳಗೆ ಹೋಗಿ, ಬೀರುವಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದು ಮುಂದಿಟ್ಟರು. ಒಳಗಿದ್ದುದು ಅವರ ಚಾಲನಾ ಪರವಾನಗಿ. ಮಗಳು ಚಿಕ್ಕವಳಿದ್ದಾಗ ಕಲಿತು ಪಡೆದದ್ದು, ಅವಧಿ ಮುಗಿದು ಆರು ವರ್ಷವಾಗಿತ್ತು. ಅವಧಿ ಮೀರಿ ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕೆಂಬುದು ನಿಯಮ. “ಕ್ಲಚ್ ತುಳಿಯೋಕೆ ಕಾಲು ನೋಯ್ತಿತ್ತು, ಅದಕ್ಕೇ ಬಿಟ್ಟಿದ್ದೆ,” ಎಂದರು ಆಕೆ. “ಈ ಕಾರಲ್ಲಿ ಕ್ಲಚ್ಚೇ ಇಲ್ಲವಲ್ಲ.”

ಮೇಷ್ಟರು ಕಾರಿಗೆ ಮುಂಗಡ ಕೊಟ್ಟದ್ದು ನಾಲ್ಕು ತಿಂಗಳ ಮೇಲೆ. ಅಷ್ಟರಲ್ಲಿ ಎರಡು ಕಣ್ಣುಗಳ ಶಸ್ತ್ರಕ್ರಿಯೆಯೂ ಮುಗಿದು, ವೈದ್ಯರ ಒಪ್ಪಿಗೆಯ ಮೇರೆಗೆ ಅದೇ ನಂಜನಗೂಡಿನ ರಸ್ತೆಯಲ್ಲಿ, ಅದೇ ಸಂಜೆಯ ಹೊತ್ತಿನಲ್ಲಿ ಮೂರನೆಯ ಸವಾರಿಯೂ ನಡೆದಿತ್ತು. ಎದುರು ದೀಪಗಳು ಈಗ ದೀಪಗಳಾಗಿಯೇ ಕಂಡವು. ಪತ್ನಿ ಒಂದು ಸಲ ಪರೀಕ್ಷೆಯಲ್ಲಿ ತಪ್ಪಿ, ಎರಡನೆಯ ಸಲ ತೇರ್ಗಡೆಯಾದರು. ಮನೆಯಲ್ಲಿ ಅಂದು ಪಾಯಸವಾಯಿತು.

ಕಾರು ಬಂದ ದಿನ ಅದಕ್ಕೆ ಪೂಜೆ ಮಾಡಿಸಿ, ನಿಂಬೆಹಣ್ಣು ಚಕ್ರದಡಿ ಇಟ್ಟು, ಮೊದಲ ಸುತ್ತಿಗೆ ಹೊರಟಾಗ, ಮೇಷ್ಟರು ಅಭ್ಯಾಸಬಲದಿಂದ ಎಡಬದಿಗೆ ಬಂದು ಪತ್ನಿಗಾಗಿ ಬಾಗಿಲು ತೆರೆದು ಕೈ ನೀಡಿದರು. ಆಸನ ಬರಿದಾಗಿತ್ತು. ಆಕೆ ಆಗಲೇ ಬಲಬದಿಯಲ್ಲಿ ಕುಳಿತು, ಕನ್ನಡಿಯನ್ನು ತಮ್ಮ ಎತ್ತರಕ್ಕೆ ಹೊಂದಿಸಿಕೊಳ್ಳುತ್ತಿದ್ದರು.

“ಹತ್ತಿ,” ಎಂದರು. “ಬೆಲ್ಟ್ ಹಾಕಿಕೊಳ್ಳಿ.”